ಐದು ಡೆಸಿಬೆಲ್‌ನ ಬೆಲೆ: ಫಿಲಡೆಲ್ಫಿಯಾ ವೈ-ಫೈ ಜಾಲದ ಕಂಬದ ಲೆಕ್ಕ

ಅಮೆರಿಕದ ಫಿಲಡೆಲ್ಫಿಯಾ ನಗರ 2004ರಲ್ಲಿ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿತು. ಊರಿನ ಒಟ್ಟು ವಿಸ್ತೀರ್ಣ 135 ಚದರ ಮೈಲಿ, ಅಂದರೆ ಸುಮಾರು 350 ಚದರ ಕಿಲೋಮೀಟರ್. ಬೀದಿದೀಪದ ಕಂಬಗಳ ಮೇಲೆ ವೈ-ಫೈ ಪೆಟ್ಟಿಗೆಗಳನ್ನು ಕೂರಿಸಿ, ಇಷ್ಟೂ ಜಾಗಕ್ಕೆ ಕಡಿಮೆ ದರದ ಇಂಟರ್ನೆಟ್ ಕೊಡುವುದು ಮೇಯರ್ ಜಾನ್ ಸ್ಟ್ರೀಟ್ ಆಡಳಿತದ ಉದ್ದೇಶ. ಆಗ ಕೇಳಿಬಂದ ಅಂದಾಜು ವೆಚ್ಚ ಸುಮಾರು 1 ಕೋಟಿ ಡಾಲರ್. 2005ರ ಅಕ್ಟೋಬರಿನಲ್ಲಿ ಅರ್ತ್‌ಲಿಂಕ್ ಎಂಬ ಇಂಟರ್ನೆಟ್ ಸೇವಾ ಕಂಪನಿಯನ್ನು ಆರಿಸಿದರು. ನಗರದ ಬೊಕ್ಕಸದಿಂದ ಕಟ್ಟುವ ಖರ್ಚು ಕೊಡಬೇಕಿರಲಿಲ್ಲ, ಹಣ ಹಾಕುವುದು ಕಂಪನಿಯೇ. ಸಾಮಾನ್ಯ ಗ್ರಾಹಕರಿಗೆ ತಿಂಗಳಿಗೆ ಸುಮಾರು 20 ಡಾಲರ್, ಕಡಿಮೆ ಆದಾಯದ ಮನೆಗಳಿಗೆ 9.95 ಡಾಲರ್ ದರ ನಿಗದಿಯಾಯಿತು.

2008ರ ಬೇಸಿಗೆಗೆ ಅರ್ತ್‌ಲಿಂಕ್ ಕೈಬಿಟ್ಟು ಹೊರಟಿತು. ಅಷ್ಟರಲ್ಲಿ ಸುಮಾರು 1.7 ಕೋಟಿ ಡಾಲರ್ ಖರ್ಚಾಗಿದೆ ಎಂದು ವರದಿಯಾಗಿತ್ತು, ಗ್ರಾಹಕರು 6,000ದ ಆಸುಪಾಸು. ಸ್ಥಳೀಯ ಹೂಡಿಕೆದಾರರ ಗುಂಪೊಂದು ಕೆಲಕಾಲ ನಡೆಸಿತು. 2009ರ ಡಿಸೆಂಬರಿನಲ್ಲಿ ನಗರಾಡಳಿತವೇ ಅದನ್ನು 20 ಲಕ್ಷ ಡಾಲರಿಗೆ ಕೊಳ್ಳಲು ಮುಂದಾಯಿತು.

ಈ ಸೋಲಿಗೆ ರಾಜಕೀಯ, ಕೇಬಲ್ ಮತ್ತು ಫೋನ್ ಕಂಪನಿಗಳ ಪೈಪೋಟಿ, ಅರ್ತ್‌ಲಿಂಕ್‌ನೊಳಗಿನ ನಾಯಕತ್ವ ಬದಲಾವಣೆ ಎಂದು ಹಲವು ಕಾರಣ ಹೇಳುತ್ತಾರೆ. ಅವೆಲ್ಲ ಇದ್ದವು. ನಾವಿಲ್ಲಿ ನೋಡುವುದು ಒಂದೇ ಸಂಖ್ಯೆಯನ್ನು: ಒಂದು ಚದರ ಮೈಲಿಗೆ ಎಷ್ಟು ನೋಡ್ (ಕಂಬದ ಮೇಲಿನ ವೈ-ಫೈ ಪೆಟ್ಟಿಗೆ) ಬೇಕು? ಕಾಗದದ ಮೇಲೆ 20ರಿಂದ 25 ಎಂದಿದ್ದದ್ದು ಬೀದಿಗೆ ಇಳಿದಾಗ 40 ದಾಟಿತು. ಇದು ಆ ಊರಿಗೆ ಮಾತ್ರ ಆದದ್ದೂ ಅಲ್ಲ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಗೂಗಲ್ 2006ರಲ್ಲಿ ತೆರೆದ ಉಚಿತ ಜಾಲ ಸುಮಾರು 12 ಚದರ ಮೈಲಿಯದು, ಅಲ್ಲಿನ ನೋಡ್‌ಗಳು ಕೊನೆಗೆ 500 ದಾಟಿದವು. ಅಲ್ಲಿಯೂ ಚದರ ಮೈಲಿಗೆ 42ರ ಹತ್ತಿರ.

ಕಂಬದಿಂದ ಕಂಬಕ್ಕೆ

ಜೇನುಗೂಡಿನ ಆರುಮೂಲೆ ವಿನ್ಯಾಸ ಹಿಡಿದು ಲೆಕ್ಕ ಹಾಕೋಣ. ಒಂದು ಚದರ ಮೈಲಿ ಎಂದರೆ 2.59 ಚದರ ಕಿಲೋಮೀಟರ್. 25 ನೋಡ್ ಇಟ್ಟರೆ ಒಂದೊಂದರ ಪಾಲಿಗೆ ಸುಮಾರು 1,03,600 ಚದರ ಮೀಟರ್ ಬರುತ್ತದೆ. ಪಕ್ಕಪಕ್ಕದ ನೋಡ್‌ಗಳ ನಡುವೆ 346 ಮೀಟರ್ ದೂರ, ನೋಡ್‌ನಿಂದ ತನ್ನ ವ್ಯಾಪ್ತಿಯ ಅತಿ ದೂರದ ಮೂಲೆಗೆ 200 ಮೀಟರ್. 42 ನೋಡ್ ಆದರೆ ಅದೇ ದೂರಗಳು 267 ಮತ್ತು 154 ಮೀಟರಿಗೆ ಇಳಿಯುತ್ತವೆ.

200 ಮೀಟರ್ 154 ಆಗುವುದು ಕಣ್ಣಿಗೆ ಸಣ್ಣದಾಗಿ ಕಾಣುತ್ತದೆ. ಆದರೆ ವಿಸ್ತೀರ್ಣ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ 135 ಚದರ ಮೈಲಿಗೆ 3,375 ಇದ್ದದ್ದು 5,670 ಆಗುತ್ತದೆ. ಹೆಚ್ಚುವರಿ 2,295 ನೋಡ್.

ಈ 46 ಮೀಟರ್ ಕಳೆದುಹೋದದ್ದು ಎಲ್ಲಿ? ಮನೆಗಳ ನಡುವೆ ಹಾಯುವ 2.4 ಗಿಗಾಹರ್ಟ್ಸ್ ಸಿಗ್ನಲ್ ಖಾಲಿ ಬಯಲಿನಲ್ಲಿ ಕುಗ್ಗುವುದಕ್ಕಿಂತ ಬೇಗ ಕುಗ್ಗುತ್ತದೆ. ಬಯಲಿನಲ್ಲಿ ಆ ಕುಗ್ಗುವಿಕೆಯ ಘಾತ (ದೂರದ ಎಷ್ಟನೇ ಘಾತಕ್ಕೆ ತಕ್ಕಂತೆ ಸಿಗ್ನಲ್ ಕುಗ್ಗುತ್ತದೆ ಎಂಬ ಅಂಕಿ) 2, ಮನೆಸಾಲುಗಳ ನಡುವೆ 3.5 ಎಂದು ಹಿಡಿಯುವುದು ರೂಢಿ. ಆ ಲೆಕ್ಕದಲ್ಲಿ ದೂರವನ್ನು 200ರಿಂದ 154ಕ್ಕೆ ಇಳಿಸಿದರೆ ಸಿಗುವ ಲಾಭ ಬರೀ 4 ಡೆಸಿಬೆಲ್ (ಡಿಬಿ). ಡೆಸಿಬೆಲ್ ಎಂದರೆ ಸಿಗ್ನಲ್ ಶಕ್ತಿಯ ಅನುಪಾತದ ಅಳತೆ, 3 ಡಿಬಿ ಎಂದರೆ ಸುಮಾರು ಎರಡು ಪಟ್ಟು. ಆರಂಭದ ಅಂಕಿಯನ್ನು 25ರ ಬದಲು 20 ಎಂದು ಹಿಡಿದರೆ 5.6. ಒಂದು ಇಟ್ಟಿಗೆ ಗೋಡೆಯೋ ಎಲೆ ತುಂಬಿದ ಒಂದು ಮರವೋ ಇಷ್ಟನ್ನು ಸಲೀಸಾಗಿ ನುಂಗುತ್ತದೆ.

ಇದನ್ನೇ ತಿರುಗಿಸಿ ಹೇಳಿದರೆ ಯೋಜನೆ ಮಾಡುವವರು ಮೇಜಿನ ಮುಂದೆ ಅಂಟಿಸಿಕೊಳ್ಳಬೇಕಾದ ಸೂತ್ರ ಸಿಗುತ್ತದೆ. ಘಾತ 3.5 ಇರುವ ಊರಿನಲ್ಲಿ ಲಿಂಕ್ ಬಜೆಟ್ (ಕಳಿಸುವ ತುದಿಯಿಂದ ಕೇಳುವ ತುದಿಯವರೆಗಿನ ಸಿಗ್ನಲ್‌ನ ಲಾಭ-ನಷ್ಟದ ಲೆಕ್ಕ) ಪ್ರತಿ 5.3 ಡಿಬಿ ತಪ್ಪಿದಾಗಲೂ ಕಂಬಗಳ ಸಂಖ್ಯೆ ಎರಡು ಪಟ್ಟಾಗುತ್ತದೆ. ಘಾತ 4 ಇದ್ದರೆ 6 ಡಿಬಿಗೆ, 3 ಇದ್ದರೆ 4.5 ಡಿಬಿಗೇ ಎರಡು ಪಟ್ಟು.

ಸರಾಸರಿ ಮನೆ ಎಂಬ ಬಲೆ

ಗೋಡೆಯ ನಷ್ಟ ಎಷ್ಟು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ ಅಂಕಿ: 10 ಡಿಬಿ. ನಿಜದಲ್ಲಿ ಅದು ಹರಡಿಕೊಂಡಿರುತ್ತದೆ. ಬೀದಿಗೆ ಮುಖ ಮಾಡಿದ ಗಾಜಿನ ಕಿಟಕಿಯಲ್ಲಿ 3 ಡಿಬಿ ಮಾತ್ರ ಹೋಗಬಹುದು. ಅದೇ ಮನೆಯ ಹಿಂದಿನ ಕೋಣೆಗೆ 20 ಡಿಬಿಯೂ ಹೋಗಬಹುದು. ಫಿಲಡೆಲ್ಫಿಯಾದ ಬಹುಪಾಲು ಮನೆಗಳು ಒಂದಕ್ಕೊಂದು ಅಂಟಿದ ಇಟ್ಟಿಗೆಯ ಸಾಲುಮನೆಗಳು. ಪಕ್ಕದ ಗೋಡೆಗಳಲ್ಲಿ ಕಿಟಕಿಯೇ ಇಲ್ಲ, ಸಿಗ್ನಲ್ ಒಳಬರಬೇಕಾದರೆ ಮುಂದಿನಿಂದ ಇಲ್ಲವೇ ಹಿಂದಿನಿಂದ ಬರಬೇಕು. ವಾಯವ್ಯ ಭಾಗದ ಚೆಸ್ಟ್‌ನಟ್ ಹಿಲ್, ಮೌಂಟ್ ಏರಿ ಬಡಾವಣೆಗಳಲ್ಲಿ ದಪ್ಪ ಕಲ್ಲಿನ ಗೋಡೆ, ಮೇಲೆ ಮರಗಳ ಚಪ್ಪರ. ಗಾರೆಯ ಕೆಳಗೆ ತಂತಿಬಲೆ ಹೊಡೆದ ಹಳೆಯ ಗೋಡೆಗಳಂತೂ ಸಿಗ್ನಲನ್ನು ಬಹುಮಟ್ಟಿಗೆ ಹೊರಗೇ ತಡೆದುಬಿಡುತ್ತವೆ.

ನಷ್ಟದ ಸರಾಸರಿ 10 ಡಿಬಿ, ಹರವು (ಸರಾಸರಿಯಿಂದ ಆಚೀಚೆ ಹೋಗುವ ಅಳತೆ, ಸ್ಟ್ಯಾಂಡರ್ಡ್ ಡೀವಿಯೇಷನ್) 6 ಡಿಬಿ ಎಂದಿಟ್ಟುಕೊಳ್ಳಿ. ಸರಾಸರಿಗೆ ತಕ್ಕಂತೆ ಜಾಲ ಕಟ್ಟಿದರೆ ವ್ಯಾಪ್ತಿಯ ಅಂಚಿನಲ್ಲಿರುವ ಮನೆಗಳಲ್ಲಿ ಅರ್ಧಕ್ಕೆ ಮಾತ್ರ ಸಿಗ್ನಲ್ ಸಿಗುತ್ತದೆ. ನೂರರಲ್ಲಿ 80 ಮನೆಗೆ ಸಿಗಬೇಕಾದರೆ ಹರವಿನ 0.84 ಪಾಲು, ಅಂದರೆ 5 ಡಿಬಿ, ಸೇರಿಸಿಕೊಳ್ಳಬೇಕು. ಅದೊಂದೇ ಕಂಬಗಳನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡುತ್ತದೆ. 90 ಮನೆಗೆ ಬೇಕೆಂದರೆ 7.7 ಡಿಬಿ, ಕಂಬಗಳು 2.75 ಪಟ್ಟು. 'ಸರಾಸರಿ ಮನೆಗೆ ತಲುಪುತ್ತದೆ' ಮತ್ತು 'ಹೆಚ್ಚಿನ ಮನೆಗಳಿಗೆ ತಲುಪುತ್ತದೆ' ಎಂಬ ಎರಡು ಮಾತುಗಳ ನಡುವಿನ ಅಂತರದಲ್ಲೇ ಫಿಲಡೆಲ್ಫಿಯಾದಂಥ ಯೋಜನೆಯ ಹೆಚ್ಚುವರಿ ವೆಚ್ಚವಿಡೀ ಕೂತುಬಿಡುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಕೇಳಿಸುತ್ತದೆ, ಹೇಳಲಾಗುವುದಿಲ್ಲ

ಕಂಬದ ಮೇಲಿನ ನೋಡ್‌ಗೆ ಅಮೆರಿಕದ ನಿಯಮ ಕೊಡುವ ಮಿತಿ ಆ್ಯಂಟೆನಾ ಸೇರಿ 36 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿ ಡಿಬಿಯಲ್ಲಿ ಹೇಳುವ ಶಕ್ತಿ), ಅಂದರೆ 4 ವ್ಯಾಟ್. ಭಾರತದಲ್ಲಿಯೂ 2.4 ಗಿಗಾಹರ್ಟ್ಸ್‌ಗೆ 2005ರಿಂದ ಇದೇ 4 ವ್ಯಾಟ್ ಮಿತಿ. ಮನೆಯ ಲ್ಯಾಪ್‌ಟಾಪ್‌ನದು ಸುಮಾರು 15 ಡಿಬಿಎಂ, 30 ಮಿಲಿವ್ಯಾಟ್. ನೋಡ್‌ನ 36ರಲ್ಲಿ ಪ್ರಸಾರಕದ್ದು 29, ಆ್ಯಂಟೆನಾದ್ದು 7 ಎಂದು ಹಿಡಿಯೋಣ. ಆ್ಯಂಟೆನಾದ ಲಾಭ ಎರಡೂ ದಿಕ್ಕಿಗೆ ಸಿಗುತ್ತದೆ. ಲ್ಯಾಪ್‌ಟಾಪ್ −92 ಡಿಬಿಎಂವರೆಗೆ, ನೋಡ್ −95ವರೆಗೆ ಕೇಳಬಲ್ಲುದು ಎಂದಿಟ್ಟರೆ ಇಳಿಯುವ ದಾರಿ (ನೋಡ್‌ನಿಂದ ಲ್ಯಾಪ್‌ಟಾಪ್‌ಗೆ) ತಡೆದುಕೊಳ್ಳುವ ನಷ್ಟ 36 + 92 = 128 ಡಿಬಿ. ಏರುವ ದಾರಿಯದು (ಲ್ಯಾಪ್‌ಟಾಪ್‌ನಿಂದ ನೋಡ್‌ಗೆ) 15 + 7 + 95 = 117.

ವ್ಯತ್ಯಾಸ 11 ಡಿಬಿ. ಮೇಲಿನ ಸೂತ್ರದಲ್ಲಿ ಹಾಕಿದರೆ, ಇಳಿಯುವ ಸಿಗ್ನಲ್ ನೋಡಿಕೊಂಡು ಬರೆದ ವ್ಯಾಪ್ತಿ ನಕ್ಷೆ ನಿಜವಾಗಿ ಕೆಲಸ ಮಾಡುವ ವಿಸ್ತೀರ್ಣದ ನಾಲ್ಕು ಪಟ್ಟಿಗಿಂತ ದೊಡ್ಡದಿರುತ್ತದೆ. ಬಳಕೆದಾರರ ಪರದೆಯಲ್ಲಿ ಮೂರು ಗೆರೆ ಸಿಗ್ನಲ್ ಇರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಇಂಥ ಜಾಲಗಳಲ್ಲಿ ಬರುವ ದೂರು ಇದು.

ಇದಕ್ಕೆ ಇನ್ನೊಂದು ಏಟೂ ಇದೆ. ಕಂಬದ ತುದಿಯ ನೋಡ್ ಸುತ್ತಲ ಮನೆಗಳ ಸ್ವಂತ ವೈ-ಫೈ ರೂಟರ್‌ಗಳನ್ನೆಲ್ಲ ಕೇಳಿಸಿಕೊಳ್ಳುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಆ ವರ್ಷಗಳಲ್ಲಿ ಮನೆಮನೆಗೆ ರೂಟರ್ ಬರುತ್ತಿದ್ದಂತೆ ನೋಡ್ ಇರುವ ಎತ್ತರದಲ್ಲಿ ಗದ್ದಲದ ಮಟ್ಟ ಏರಿತು. ಗದ್ದಲ 3 ಡಿಬಿ ಏರಿದರೆ ಮೊದಲೇ ಸೊರಗಿದ ಏರುದಾರಿ ಅಷ್ಟೇ ಕಳೆದುಕೊಳ್ಳುತ್ತದೆ, ಕಂಬಗಳು 1.5 ಪಟ್ಟು ಬೇಕಾಗುತ್ತವೆ. ಈ ವರ್ಷದ ಅಳತೆ ಮುಂದಿನ ವರ್ಷಕ್ಕೆ ಸಾಲದೇ ಹೋಗುವುದು ಹೀಗೆ.

ಪರೀಕ್ಷೆಯ ವಿಧಾನವೂ ಈ ತಪ್ಪನ್ನು ಮುಚ್ಚಿಡಬಲ್ಲುದು. ಕಾರಿನ ಮೇಲೆ ಆ್ಯಂಟೆನಾ ಇಟ್ಟು ಬೀದಿಯಲ್ಲಿ ಓಡಿಸಿ ಇಳಿಯುವ ಸಿಗ್ನಲ್ ದಾಖಲಿಸಿದರೆ ಫಲಿತಾಂಶ ಚೆಂದವೇ ಬರುತ್ತದೆ. ಲೋಹದ ಚಾವಣಿ, ಎತ್ತರ, ಒಳ್ಳೆಯ ಆ್ಯಂಟೆನಾ ಎಲ್ಲವೂ ನೆರವಾಗುತ್ತವೆ. ಕಡತವೊಂದನ್ನು ಮೇಲಕ್ಕೆ ಕಳಿಸಿ ವೇಗ ಅಳೆಯದ ಪರೀಕ್ಷೆಯನ್ನು ಒಪ್ಪಿಗೆಯ ಪರೀಕ್ಷೆ ಎಂದು ಎಣಿಸಲೇಬಾರದು.

ಕಂಬವಿದೆ, ಕರೆಂಟಿಲ್ಲ

ನಕ್ಷೆಯಲ್ಲಿ ಚುಕ್ಕಿ ಇಟ್ಟ ಜಾಗದಲ್ಲಿ ಕಂಬ ಇರಬೇಕು, ಕಂಬ ಭಾರ ಹೊರಬೇಕು, ಅದರಲ್ಲಿ ಹಗಲೂ ವಿದ್ಯುತ್ ಹರಿಯಬೇಕು. ದೀಪದ ತಲೆಯ ಮೇಲೆ ಫೋಟೊಸೆಲ್ (ಕತ್ತಲಾದಾಗ ದೀಪ ಹಚ್ಚುವ ಬೆಳಕಿನ ಸ್ವಿಚ್ಚು) ಇದ್ದರೆ ಕೆಲಸ ಸುಲಭ. ಅದನ್ನು ತಿರುಗಿಸಿ ಕಳಚಿ, ನಡುವೆ ಅಡಾಪ್ಟರ್ ಕೂರಿಸಿ, ಮತ್ತೆ ಫೋಟೊಸೆಲ್ ಹಾಕಿದರೆ ನೋಡ್‌ಗೆ 24 ಗಂಟೆ ಕರೆಂಟು. ಬುಟ್ಟಿ ಕ್ರೇನಿನ ಲಾರಿ ಮತ್ತು ಇಬ್ಬರು ಕೆಲಸಗಾರರು ಇದ್ದರೆ ಸಾಕು. ಆದರೆ ಒಂದಿಡೀ ಸಾಲಿನ ದೀಪಗಳನ್ನು ಒಂದೇ ಪೆಟ್ಟಿಗೆಯಿಂದ ಸಂಜೆ ಹಾಕಿ ಬೆಳಿಗ್ಗೆ ಆರಿಸುವ ಕಡೆ ಹಗಲು ಕಂಬದಲ್ಲಿ ಕರೆಂಟೇ ಇರುವುದಿಲ್ಲ. ಮಿಸ್ಸೂರಿಯ ಸೇಂಟ್ ಲೂಯಿಸ್‌ನಲ್ಲಿ ಎಟಿ ಆ್ಯಂಡ್ ಟಿ ಕೈಗೊಂಡ ಜಾಲ 2007ರಲ್ಲಿ ಎಡವಿದ್ದು ಇದೇ ಕಾರಣಕ್ಕೆ.

ಕರ್ನಾಟಕದ ಊರುಗಳಿಗೆ ಇಂಥ ಲೆಕ್ಕ ಹಾಕುವವರು ಮೊದಲು ನೋಡಬೇಕಾದದ್ದು ಇದನ್ನೇ. ನಮ್ಮಲ್ಲಿ ಬೀದಿದೀಪಗಳನ್ನು ಹೆಚ್ಚಾಗಿ ಸಾಲಿಗೊಂದು ಸ್ವಿಚ್ಚಿನಿಂದಲೋ ಟೈಮರಿನಿಂದಲೋ ನಡೆಸುತ್ತಾರೆ. ಪ್ರತಿ ಕಂಬಕ್ಕೂ ಬೇರೆ ತಂತಿ ಎಳೆಯುವ ಖರ್ಚು ಸೇರಿದರೆ ನೋಡ್‌ನ ಬೆಲೆಯೇ ಸಣ್ಣದಾಗಿಬಿಡುತ್ತದೆ.

ವಿದ್ಯುತ್ ಬಳಕೆ ಮಾತ್ರ ತಲೆನೋವಿನ ಬಾಬತ್ತಲ್ಲ. 30 ವ್ಯಾಟ್ ಎಳೆಯುವ ನೋಡ್ ವರ್ಷಕ್ಕೆ ಸುಮಾರು 263 ಯೂನಿಟ್ ಉಣ್ಣುತ್ತದೆ. ಯೂನಿಟ್‌ಗೆ 10 ಸೆಂಟ್ ಎಂದರೆ 26 ಡಾಲರ್.

ಗೇಟ್‌ವೇ ಎಷ್ಟು?

ಆ ಕಾಲದ ಟ್ರೋಪೋಸ್ ಕಂಪನಿಯ 5210 ಮಾದರಿಯ ನೋಡ್‌ನಲ್ಲಿ ಇದ್ದದ್ದು ಒಂದೇ ರೇಡಿಯೊ. ಮನೆಯವರ ಜೊತೆ ಮಾತಾಡುವುದೂ ಅದೇ, ಪಕ್ಕದ ನೋಡ್‌ಗೆ ದಾಟಿಸುವುದೂ ಅದೇ. ಒಂದೊಂದು ಜಿಗಿತಕ್ಕೂ ಗಾಳಿಯ ಸಮಯ ಮತ್ತೊಮ್ಮೆ ಖರ್ಚು. ಚಾನೆಲ್‌ನ ಉಪಯುಕ್ತ ವೇಗ 5 ಎಂಬಿಪಿಎಸ್ ಎಂದಾದರೆ ಒಂದು ಜಿಗಿತದಾಚೆ 2.5, ಎರಡರಾಚೆ 1.7. ಎಲ್ಲೋ ಒಂದು ಕಡೆ ಬೇರೆ ರೇಡಿಯೊ ಇಟ್ಟು ಮುಖ್ಯ ಜಾಲಕ್ಕೆ ಇಳಿಸಬೇಕು, ಅದೇ ಗೇಟ್‌ವೇ. ಫಿಲಡೆಲ್ಫಿಯಾದಲ್ಲಿ ಇದಕ್ಕೆ ಮೊಟೊರೋಲಾದ ಕ್ಯಾನಪಿ ರೇಡಿಯೊ ಬಳಸಿದರು. ಮೌಂಟನ್ ವ್ಯೂನಲ್ಲಿ 500ಕ್ಕೂ ಹೆಚ್ಚು ನೋಡ್‌ಗಳಿಗೆ ಸುಮಾರು 70 ಗೇಟ್‌ವೇ, ಅಂದರೆ ಏಳಕ್ಕೊಂದು.

ಅದೇ ಅನುಪಾತವನ್ನು 5,670 ನೋಡ್‌ಗೆ ಹಚ್ಚಿದರೆ 810 ಗೇಟ್‌ವೇ. 2000ದ ಜನಗಣತಿಯ ಪ್ರಕಾರ ನಗರದಲ್ಲಿ ಸುಮಾರು 5.9 ಲಕ್ಷ ಮನೆಗಳಿದ್ದವು. ಹತ್ತರಲ್ಲೊಂದು ಮನೆ ಸೇರಿದರೆ ಗೇಟ್‌ವೇಗೆ 73 ಮನೆ ಬೀಳುತ್ತದೆ. ಒಂದೊಂದಕ್ಕೆ 1 ಎಂಬಿಪಿಎಸ್ ಮಾರಿ, ಎಲ್ಲರೂ ಒಟ್ಟಿಗೆ ಬಳಸುವುದಿಲ್ಲ ಎಂದು ಇಪ್ಪತ್ತು ಮನೆಗೆ ಒಂದು ಮನೆಯ ಪಾಲು ಹಂಚಿದರೆ ಬೇಡಿಕೆ 3.65 ಎಂಬಿಪಿಎಸ್. ಒಂದು ಗೇಟ್‌ವೇ ಮತ್ತು ಅದರ ಸುತ್ತ ಆರು ನೋಡ್ ಇರುವ ಗುಂಪು ಕೊಡಬಲ್ಲದ್ದು ಸುಮಾರು 2.7. ಸಾಲದು. ಐದಕ್ಕೊಂದು ಗೇಟ್‌ವೇ ಮಾಡಿದರೆ ಬೇಡಿಕೆ 2.6, ಸಾಮರ್ಥ್ಯ 2.8. ಅಂತೂ ಹೊಂದುತ್ತದೆ.

ಇಲ್ಲೊಂದು ಅನುಕೂಲವಿದೆ. ಗೇಟ್‌ವೇಗಳನ್ನು ಗ್ರಾಹಕರು ಬಂದಂತೆ ಆಮೇಲೆ ಸೇರಿಸಬಹುದು. ನೋಡ್‌ಗಳ ವಿಷಯ ಹಾಗಲ್ಲ. ಗೋಡೆಗಳಿಗೆ ತಕ್ಕಷ್ಟು ನೋಡ್ ಮೊದಲ ದಿನವೇ ಇರಬೇಕು, ಗ್ರಾಹಕರು ಒಬ್ಬರಿದ್ದರೂ ಅಷ್ಟೇ, ಲಕ್ಷವಿದ್ದರೂ ಅಷ್ಟೇ.

ದುಡ್ಡಿನ ಲೆಕ್ಕ

ಒಂದು ನೋಡ್‌ನ ಬೆಲೆ, ಕೂರಿಸುವ ಕೂಲಿ, ಕಂಬದ ಪರವಾನಗಿ, ಗೇಟ್‌ವೇಯಲ್ಲಿ ಅದರ ಪಾಲು ಎಲ್ಲ ಸೇರಿ 3,000 ಡಾಲರ್ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಚದರ ಮೈಲಿಗೆ 25 ಆದರೆ 1.01 ಕೋಟಿ, 42 ಆದರೆ 1.7 ಕೋಟಿ ಡಾಲರ್. ಆರಂಭದ ಅಂದಾಜಿಗೂ ಕೊನೆಯ ಖರ್ಚಿಗೂ ಇವು ಹತ್ತಿರ ಬಂದದ್ದನ್ನು ಪುರಾವೆ ಎಂದು ತಿಳಿಯಬಾರದು, 3,000 ನಾವು ಹಿಡಿದ ಅಂಕಿ. ಸಾಂದ್ರತೆಯೊಂದೇ ಇಷ್ಟು ದೊಡ್ಡ ಅಂತರ ತರಬಲ್ಲುದು ಎಂಬಷ್ಟಕ್ಕೆ ಅದು ಸಾಕು.

ಉಪಕರಣ ಐದು ವರ್ಷ ಬಾಳುತ್ತದೆ, ನಡೆಸುವ ಖರ್ಚು ವರ್ಷಕ್ಕೆ ಬಂಡವಾಳದ ಐದನೇ ಒಂದು ಭಾಗ ಎಂದರೆ 42ರ ಜಾಲಕ್ಕೆ ವರ್ಷಕ್ಕೆ 68 ಲಕ್ಷ ಡಾಲರ್ ಬೇಕು. ತಿಂಗಳಿಗೆ 20 ಡಾಲರಿನಂತೆ 28,300 ಗ್ರಾಹಕರ ಇಡೀ ಶುಲ್ಕ ಅದಕ್ಕೇ ಹೋಯಿತು. ಆ 20ರಲ್ಲಿ ಅರ್ಧ ಗ್ರಾಹಕ ಸೇವೆಗೆ, ಬಿಲ್ಲಿಗೆ, ಇಂಟರ್ನೆಟ್ ಸಗಟು ಸಂಪರ್ಕಕ್ಕೆ ಹೋಗುತ್ತದೆ ಎಂದರೆ 56,700 ಗ್ರಾಹಕರು ಬೇಕು. 25ರ ಜಾಲಕ್ಕಾದರೆ 33,700 ಸಾಕಿತ್ತು. 6,000 ಗ್ರಾಹಕರು ಎಲ್ಲರೂ ಪೂರ್ಣ ದರ ಕೊಟ್ಟಿದ್ದರೂ ವರ್ಷಕ್ಕೆ ಬರುವುದು 14.4 ಲಕ್ಷ ಡಾಲರ್.

ಕಂಬಕ್ಕೆ ಸುರಿಯಬೇಕೋ, ಕಿಟಕಿಗೆ ಕೊಡಬೇಕೋ

ಹಾಗಾದರೆ ಆ 4–5 ಡಿಬಿಯನ್ನು ಕಂಬದಿಂದಲೇ ತರಬೇಕಿತ್ತೇ? ಗ್ರಾಹಕರ ಕಿಟಕಿಯಲ್ಲಿ ಇಡುವ ರೇಡಿಯೊ ಮೋಡೆಮ್ ಲ್ಯಾಪ್‌ಟಾಪ್‌ಗಿಂತ 8 ಡಿಬಿ ಜೋರಾಗಿ ಕಳಿಸಬಲ್ಲುದು, ಅದರ ಆ್ಯಂಟೆನಾದಿಂದ ಇನ್ನೂ 5–6 ಡಿಬಿ ಸಿಗುತ್ತದೆ. ಕಿಟಕಿಯ ಪಕ್ಕದಲ್ಲೇ ಇರುವುದರಿಂದ ಒಳಗೋಡೆಯ ನಷ್ಟವೂ ಇಲ್ಲ. ಒಟ್ಟು 13 ಡಿಬಿಗೆ ಕಡಿಮೆಯಿಲ್ಲ, ಅದೂ ಬಡವಾದ ಏರುದಾರಿಗೇ. ಮುಖ್ಯವಾಗಿ, ಅದರ ಖರ್ಚು ಗ್ರಾಹಕ ಸೇರಿದ ದಿನ ಮಾತ್ರ.

ಹೆಚ್ಚುವರಿ 2,295 ನೋಡ್‌ಗೆ ನಮ್ಮ ಲೆಕ್ಕದಲ್ಲಿ 68.9 ಲಕ್ಷ ಡಾಲರ್. ಮೋಡೆಮ್ ಒಂದಕ್ಕೆ 100 ಡಾಲರ್ ಎಂದರೆ ಅದೇ ಹಣದಲ್ಲಿ 68,850 ಮನೆಗಳಿಗೆ ಪುಕ್ಕಟೆ ಕೊಡಬಹುದು. ಮೇಲೆ ಬಂದ 56,700ಕ್ಕಿಂತ ಇದು ದೊಡ್ಡದು! ಅರ್ತ್‌ಲಿಂಕ್ ಮೋಡೆಮ್‌ಗಳನ್ನೂ ಕೊಟ್ಟಿತು, ಮನೆಯೊಳಗೆ ಬಳಸಲು ಅವು ಬೇಕೇ ಆದವು. ಹಾಗೆ ಎರಡೂ ಕಡೆ ಹಣ ಹೋಯಿತು. 9.95 ಡಾಲರಿನ ಮನೆಗಳನ್ನು ನೆನೆದರೆ ಇದು ನೋಯಿಸುವ ವಿಷಯ. ಆ ಮನೆಗಳಲ್ಲಿ ಇಂಟರ್ನೆಟ್ ಬೇಕಿದ್ದದ್ದು ಅಡುಗೆಮನೆಯ ಮೇಜಿನ ಮೇಲೆ, ಮಕ್ಕಳ ಓದಿಗೆ. ಬೀದಿಯಲ್ಲಿ ನಡೆಯುವಾಗ ಸಿಗುವ ಸಿಗ್ನಲ್‌ನಿಂದ ಅವರಿಗೆ ಆಗುವ ಲಾಭ ಅಲ್ಪ.

ಈ ಬದಲಿಗೆ ಮಿತಿಗಳೂ ಇವೆ. ಕಿಟಕಿಯ ಮೋಡೆಮ್ ಮನೆಯ ಸಂಪರ್ಕವನ್ನಷ್ಟೇ ಸುಧಾರಿಸುತ್ತದೆ. ನೋಡ್‌ನಿಂದ ನೋಡ್‌ಗೆ ಇರುವ 346 ಮೀಟರ್ ಅಂತರ ಮರದ ಕೊಂಬೆಗಳ ನಡುವೆ ದಾಟಲೇಬೇಕು. ಮರ ಹೆಚ್ಚಿರುವ ಬಡಾವಣೆಯಲ್ಲಿ ಮೋಡೆಮ್ ಎಷ್ಟು ಕೊಟ್ಟರೂ ನೋಡ್ ಸೇರಿಸಬೇಕಾಗುತ್ತದೆ.

ಬೆಲೆ ಹೇಳುವ ಮೊದಲು ಅಳೆಯುವುದು

ಒಪ್ಪಂದದಲ್ಲಿ 15 ಚದರ ಮೈಲಿಯ ಮಾದರಿ ಪ್ರದೇಶ ಇತ್ತು. ಆದರೆ ಅದು ಬಂದದ್ದು ದರ ನಿಗದಿಯಾದ ನಂತರ. ಅಷ್ಟು ದೊಡ್ಡ ಪ್ರದೇಶವೂ ಬೇಕಿಲ್ಲ. ಸಾಲುಮನೆ, ಎತ್ತರದ ಕಟ್ಟಡ, ಮರಗಳ ನಡುವಿನ ಕಲ್ಲುಮನೆ ಹೀಗೆ ಮೂರು ಬಗೆಯ ಜಾಗ ಆರಿಸಿ, ಒಂದೊಂದರಲ್ಲಿ ಎಂಟು–ಹತ್ತು ನೋಡ್ ಕೂರಿಸಿದರೆ ಸಾಕು. ಬಗೆಗೆ 20 ಮನೆಯಂತೆ ಒಟ್ಟು 60 ಮನೆ, ಮನೆಗೆ ಮೂರು ಕೋಣೆ. ಸಾಮಾನ್ಯ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಎರಡೂ ದಿಕ್ಕಿನ ವೇಗ ಬರೆದುಕೊಳ್ಳಬೇಕು. ಆಮೇಲೆ ಅದೇ ಜಾಗದಲ್ಲಿ ಕಿಟಕಿಯ ಮೋಡೆಮ್ ಹಚ್ಚಿ ಮತ್ತೊಮ್ಮೆ. ಜನ ಮನೆಯಲ್ಲಿದ್ದು ರೂಟರ್‌ಗಳು ಗಿಜಿಗುಡುವ ಸಂಜೆ 7ರಿಂದ 10ರ ನಡುವೆ ಅಳೆಯಬೇಕು. ಎಲೆ ಉದುರಿದ ಚಳಿಗಾಲದಲ್ಲಿ ಅಳೆದಿದ್ದರೆ ಎಲೆ ತುಂಬಿದ ಮೇಲೆ, ಸಾಧ್ಯವಾದರೆ ಮಳೆಯ ಮರುಗಳಿಗೆ, ಇನ್ನೊಮ್ಮೆ ಅಳೆಯಬೇಕು. ಕಂಬದ ಪಟ್ಟಿಯಲ್ಲಿ ಪ್ರತಿ ಕಂಬದ ಎದುರು ಫೋಟೊಸೆಲ್ ಇದೆಯೇ, ಹಗಲು ಕರೆಂಟಿದೆಯೇ, ಯಾರ ಒಡೆತನ ಎಂಬ ಮೂರು ಕಾಲಂ ತುಂಬಿಸಬೇಕು.

ಸಾಂದ್ರತೆಯನ್ನು ಬಡಾವಣೆಯ ಬಗೆಗೆ ಬೇರೆಬೇರೆಯಾಗಿ ಬರೆಯಿರಿ. ಇಡೀ ಊರಿಗೆ ಒಂದೇ ಅಂಕಿ ಬೇಡ. ಮಂಡಳಿಯ ಮುಂದೆ ಇಡುವ ವೆಚ್ಚದ ಹಾಳೆಯಲ್ಲಿ ಅಳೆದ ಲಿಂಕ್ ಬಜೆಟ್‌ಗೆ ಒಂದು ಸಾಲು, ಅದು 5 ಡಿಬಿ ಕೆಟ್ಟರೆ ಏನು ಎಂಬುದಕ್ಕೆ ಇನ್ನೊಂದು ಸಾಲು ಇರಲಿ. ಎರಡನೇ ಸಾಲಿನ ಮೊತ್ತವನ್ನು ಭರಿಸಲಾರದ ಸಂಸ್ಥೆ ಇಡೀ ಊರಿಗೆ ಸಹಿ ಹಾಕದೆ, ಮೊದಲು ಹತ್ತು ಚದರ ಮೈಲಿಗಷ್ಟೇ ಹಾಕಲಿ.